ಮೂರನೇ ಗುಂಡಿ

ಹದಿನೆಂಟು ವರ್ಷದ ಹಿಂದೆ ಬಜಾರಿ ಪೊಲೀಸ್ ಠಾಣೆಗೆ ಹೋಗಿ ಒಂದು ಮಾತು ಹೇಳಿದ್ದಳು. ಆಗ ಅದಕ್ಕೆ ಸಿಕ್ಕಿದ್ದು ಕಪಾಳಕ್ಕೆ ಒಂದು ಏಟು. ಈಗ ಅದೇ ಮಾತನ್ನು ತೂಗಿ ನೋಡಲು ದೊಡ್ಡ ಕಚೇರಿಯ ಎರಡನೇ ಮಹಡಿಯಲ್ಲಿ ಫ್ಯಾನು ಹಾಕಿಕೊಂಡು ಜನ ಕೂತಿದ್ದರು.

ಬಜಾರಿ ಎಂಬುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ. ಓಣಿಯವರು ಇಟ್ಟದ್ದು. ಗಂಡಸಿಗೆ ಬಾಯಿ ಜೋರಿದ್ದರೆ ಅವನನ್ನು ಲೀಡರ್ ಅನ್ನುತ್ತಾರೆ, ಹೆಂಗಸಿಗೆ ಜೋರಿದ್ದರೆ ಬಜಾರಿ. ಅವಳಿಗೂ ಅದೇ ರೂಢಿಯಾಗಿ ಹೋಗಿತ್ತು. ಯಾರಾದರೂ 'ಅಮ್ಮಾ' ಎಂದರೆ ಬೇರೆ ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡುತ್ತಿದ್ದಳು.

"ಕೂತ್ಕೊಳ್ಳಿ ಅಮ್ಮ" ಎಂದರು ಮೇಡಂ.

ಮೇಡಂ ಹಳೇ ಕೇಸುಗಳ ವಿಭಾಗದ ಅಧಿಕಾರಿ. ವಯಸ್ಸು ಚಿಕ್ಕದು, ಮಾತು ಮೆದು. ಬಜಾರಿ ಹಿಂದೆ ತಿರುಗಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕುರ್ಚಿ ನೋಡಿದಳು. ಸರ್ಕಾರಿ ಕಚೇರಿಯ ಕುರ್ಚಿಗಳನ್ನು ಅವಳು ಎಷ್ಟೋ ಸಲ ಒರೆಸಿದ್ದಳು, ಕೂತಿರಲಿಲ್ಲ. ಕೂತಳು. ಚೆನ್ನಾಗೇ ಇತ್ತು.

ಪಕ್ಕದಲ್ಲಿ ಮಗಳು ಕೂತಳು. ಇಪ್ಪತ್ತೊಂದು ವರ್ಷ, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಅಪ್ಪ ಹೋದಾಗ ಮೂರು ವರ್ಷದವಳು. ಶಾಲೆಯಲ್ಲೂ ಕಾರ್ಖಾನೆಯಲ್ಲೂ ಅವಳ ಗುರುತು ಒಂದೇ, 'ಓಡಿಹೋದವನ ಮಗಳು'.

ಎದುರಿಗೆ ಮೇಸ್ತ್ರಿ. ಈಗ ಅವನನ್ನು ಯಾರೂ ಮೇಸ್ತ್ರಿ ಅನ್ನುವುದಿಲ್ಲ. ಈಗ ಅರ್ಧ ಊರಿನ ಚರಂಡಿ ಕಂಟ್ರಾಕ್ಟು ಅವನದು. ಬಿಳಿ ಅಂಗಿ, ಬೆರಳಿಗೆ ಉಂಗುರ, ಸೆಂಟಿನ ವಾಸನೆ. ಒಂದು ಕಾಲದಲ್ಲಿ ಇವರ ಜೊತೆಯೇ ಕುತ್ತಿಗೆಮಟ್ಟ ಹೊಲಸಲ್ಲಿ ನಿಂತವನು. ಮೇಲೆ ಹತ್ತಿದವನು ಹಗ್ಗವನ್ನೂ ಎಳೆದುಕೊಂಡಿದ್ದ. ಅವನ ಆಚೆಗೆ ಮುದುಕನೊಬ್ಬ ಬಾಯಿ ತೆರೆದು ತೂಕಡಿಸುತ್ತಿದ್ದ. ಅವನು ರಿಟೈರಾದ ದಫೇದಾರ. ಬಜಾರಿಯ ಕಪಾಳಕ್ಕೆ ಬಿದ್ದ ಏಟು ಅವನದೇ. ಮೂಲೆಯಲ್ಲಿ ರೈಟರ್ ಟೈಪ್ ಮಾಡಲು ಬೆರಳು ಲಟಿಕೆ ಮುರಿಯುತ್ತಿದ್ದ.

"ನಿಮ್ಮನ್ನ ಯಾಕೆ ಕರೆಸಿದ್ದೀವಿ ಅಂತ ಗೊತ್ತಲ್ವಾ?"

"ನಿನ್ನೆ ಸಾಯಂಕಾಲ ಒಬ್ಬ ಪೊಲೀಸಪ್ಪ ಬಂದಿದ್ದ. ನಿನ್ನ ಗಂಡನ ಮೂಳೆ ಸಿಕ್ಕಿದೆ, ನಾಳೆ ಬಾ ಅಂದ. ಹಾಲು ಒಡೆದಿದೆ ಅಂತ ಹೇಳೋರೂ ಅದಕ್ಕಿಂತ ನಿಧಾನವಾಗಿ ಹೇಳ್ತಾರೆ."

ಮೇಡಂ ಫೈಲು ನೋಡಿದರು. ಎರಡು ತಿಂಗಳ ಹಿಂದೆ ಕೇಬಲ್ ಹಾಕಲು ಹಳೇ ರಸ್ತೆ ಅಗೆದಾಗ ಡಾಂಬರಿನ ಕೆಳಗೆ ಮುಚ್ಚಿಹೋಗಿದ್ದ ಒಂದು ಚರಂಡಿ ಸಾಲು ಸಿಕ್ಕಿತ್ತು. ಅದರ ಒಂದು ಗುಂಡಿಯ ಗಟ್ಟಿ ಕೆಸರಲ್ಲಿ ಮೂಳೆಗಳು, ಸೊಂಟದ ಹತ್ತಿರ ಹಗ್ಗದ ಗಂಟು. ತೊಡೆಮೂಳೆ ಎಷ್ಟು ಉದ್ದವಿತ್ತೆಂದರೆ ಡಾಕ್ಟರು ಎರಡು ಸಲ ಅಳೆದರಂತೆ. ಮಗಳ ರಕ್ತ ಪರೀಕ್ಷೆ ಬೇರೆ ಹೊಂದಿತ್ತು. ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ಎಂದು ಸುಳ್ಳು ಹೇಳಿ ತೆಗೆದುಕೊಂಡಿದ್ದರು.

ಅನುಮಾನವೇ ಇಲ್ಲ. ಅದು ಏಣಿ.

ಏಣಿ ಎಂದರೆ ಅವಳ ಗಂಡ. ಆರಡಿ ಮೂರಂಗುಲದ ಆಳು. ಗುಂಡಿಗಿಳಿಯಲು ನಮಗೆ ಏಣಿ ಕೊಡಿ ಎಂದು ಅವನು ಕೇಳಿದಾಗ, "ಏಣಿಗೆ ಇನ್ನೊಂದು ಏಣಿ ಯಾಕೋ?" ಎಂದು ಇದೇ ಮೇಸ್ತ್ರಿ ನಕ್ಕಿದ್ದ. ಹೆಸರು ಅಂಟಿಕೊಂಡಿತು, ಏಣಿ ಬರಲೇ ಇಲ್ಲ.

"ಪ್ರಶ್ನೆ ಇರೋದು ಒಂದೇ" ಎಂದರು ಮೇಡಂ. "ಅವತ್ತು ಅವರನ್ನ ಕೆಲಸಕ್ಕೆ ಇಳಿಸಿದ್ರಾ, ಇಲ್ಲ ತಾವಾಗೇ ಬಿದ್ರಾ. ಇವರು ಅವತ್ತು ರಜೆ ಅಂತಾರೆ."

"ರಜೆ ಮೇಡಂ. ದೇವರಾಣೆ" ಎಂದ ಮೇಸ್ತ್ರಿ. "ಅವನು ಕುಡಿದಿದ್ದ. ಮಾರನೇ ದಿನ ಬಸ್ ಸ್ಟ್ಯಾಂಡಲ್ಲಿ ಅವನ ಹಾಗೇ ಒಬ್ಬ ಉದ್ದದವನನ್ನ ನೋಡಿದೆ, ಹೋಗ್ಬಿಟ್ಟ ಅಂದ್ಕೊಂಡೆ. ನೋಡಿದ್ರೆ ಎಲ್ಲೋ ತಾನೇ ಬಿದ್ದು ಸತ್ತಿದ್ದಾನೆ ಪಾಪ."

"ಪಾಪ ಅನ್ನಬೇಡ" ಎಂದಳು ಬಜಾರಿ. "ಆ ಬಾಯಿಂದ ಆ ಮಾತಿಗೆ ರೋಗ ಬಂದೀತು."

ಮೇಡಂ ಕೈಯೆತ್ತಿ ತಡೆದರು. ಹಳದಿಗಟ್ಟಿದ ಹಾಳೆ ತೆಗೆದು ಓದಿದರು. "'ಓರ್ವ ಹೆಂಗಸು ಠಾಣೆಗೆ ಬಂದು, ತನ್ನ ಗಂಡನು ಮೂರನೇ ಗುಂಡಿಗೆ ಇಳಿದವನು ಮೇಲೆ ಬಂದಿರುವುದಿಲ್ಲವೆಂದು ತಿಳಿಸಿರುತ್ತಾಳೆ. ಮೇಸ್ತ್ರಿಯವರು ತೋರಿಸಿದ ಮೂರನೇ ಗುಂಡಿಯನ್ನು ಪರಿಶೀಲಿಸಲಾಗಿ ಏನೂ ಕಂಡುಬಂದಿರುವುದಿಲ್ಲ.' ಇದು ಮೊದಲನೇದು. ಎರಡನೇದು ನಿಮ್ಮ ಹೇಳಿಕೆ. 'ತಪ್ಪು ತಿಳಿವಳಿಕೆಯಿಂದ ಹೇಳಿರುತ್ತೇನೆ. ನನ್ನ ಗಂಡನು ಆಗಾಗ್ಗೆ ಮನೆ ಬಿಟ್ಟು ಹೋಗುವವನಾಗಿರುತ್ತಾನೆ.' ಕೆಳಗೆ ಹೆಬ್ಬೆಟ್ಟು."

"ಆಗಾಗ್ಗೆ? ಕಕ್ಕಸಿಗೆ ಹೋಗೋದನ್ನ ಸೇರಿಸಿದ್ರಾ?" ಎಂದಳು ಬಜಾರಿ. "ನಾನು ಹೀಗೆ ಹೇಳೇ ಇಲ್ಲ. ಹೆಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ. ಕೆನ್ನೆ ಉರೀತಿತ್ತು."

"ಈಗ ತೂಕ ಹಾಕಿದ್ರೆ ಹೀಗಾಗುತ್ತೆ ಅಮ್ಮ" ಎಂದರು ಮೇಡಂ. "ನೀವು ಅವತ್ತೇ ಬಂದು ಸುಳಿವು ಕೊಟ್ರಿ. ಅದು ನಿಮ್ಮ ಪರ. ಸುಳಿವು ಸರಿ ಇದ್ರೆ ಇವರು ಕೆಲಸಕ್ಕೆ ಇಳಿಸಿದ್ದೂ ನಿಜ, ಮುಚ್ಚಿಟ್ಟಿದ್ದೂ ನಿಜ. ಆದರೆ ಜಾಗ ತಾಳೆಯಾಗಲ್ಲ. ನೀವು ಹೇಳಿದ್ದು ಮೂರನೇ ಗುಂಡಿ. ಮೂಳೆ ಸಿಕ್ಕಿದ್ದು ಹನ್ನೆರಡನೇದರಲ್ಲಿ."

"ಮೂರಕ್ಕೂ ಹನ್ನೆರಡಕ್ಕೂ ಅಜಗಜಾಂತರ ಮೇಡಂ" ಎಂದ ಮೇಸ್ತ್ರಿ. "ಇವಳಿಗೆ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದಾಳೆ."

ಬಜಾರಿ ಸುಮ್ಮನಾದಳು. ಅವಳು ಸುಮ್ಮನಾದದ್ದು ನೋಡಿ ಮಗಳಿಗೆ ಗಾಬರಿಯಾಯಿತು.

"ಒಟ್ಟು ಎಷ್ಟು ಗುಂಡಿ ಮೇಡಂ ಆ ಸಾಲಲ್ಲಿ?"

"ನಕ್ಷೆ ಪ್ರಕಾರ ಹದಿನಾಲ್ಕು."

ಬಜಾರಿ ಎಡಗೈ ಬಿಡಿಸಿದಳು. ಹದಿನಾಲ್ಕು ಎಂದು ಒಂದು ಬೆರಳು ಮಡಿಸಿದಳು. ಹದಿಮೂರು ಎಂದು ಇನ್ನೊಂದು. ಹನ್ನೆರಡು ಎಂದು ಮತ್ತೊಂದು. ಮಡಿಸಿದ ಮೂರು ಬೆರಳನ್ನೇ ನೋಡುತ್ತ ಕೂತಳು.

"ಅಯ್ಯೋ ನನ್ನ ಕರ್ಮವೇ" ಎಂದಳು. "ಅವನು ನಾನು ಹೇಳಿದ ಜಾಗದಲ್ಲೇ ಇದ್ದ."

ಎದೆಗೆ ಯಾರೋ ಹಾರೆ ಹಾಕಿ ಮೀಟಿದಂತಾಯಿತು ಅವಳಿಗೆ. ಹದಿನೆಂಟು ವರ್ಷ ಅವಳು ಗಂಡನನ್ನು ಬೈದಿದ್ದಳು. ಸಾಮಾನ್ಯ ಬೈಗುಳವಲ್ಲ. ಓಣಿಯ ನಲ್ಲಿಯಲ್ಲಿ ನೀರು ನಿಂತುಹೋಗುವಂಥ ಬೈಗುಳ. ಆ ಡಾಂಬರು ರಸ್ತೆಯನ್ನು ದಿನಾ ಬೆಳಗ್ಗೆ ಅವಳೇ ಗುಡಿಸುತ್ತಿದ್ದಳು. ಪೊರಕೆಯ ಒಂದೊಂದು ಎಳೆತಕ್ಕೆ ಒಂದೊಂದು ಶಾಪ. ಅವನು ಕೆಳಗೇ ಇದ್ದ. ಅವನ ತಲೆಯ ಮೇಲೇ ನಿಂತು ಬೈದಿದ್ದಳು.

ಅವತ್ತು ಆದದ್ದಿಷ್ಟು. ಸಾಲು ಕಟ್ಟಿಕೊಂಡಿತ್ತು. ಹೊಸ ಪೈಪಿಗೆ ಜೋಡಿಸುವ ಮೊದಲು ಹಳೆಯದನ್ನು ಬಿಡಿಸಬೇಕಿತ್ತು. ಬೆಳಗ್ಗೆ ಮೇಸ್ತ್ರಿ, "ಏಣಿ, ಮೂರನೇದಕ್ಕೆ ಇಳಿ" ಎಂದ. ಏಣಿ ಚಪ್ಪಲಿ ಬಿಟ್ಟ, ಅಂಗಿ ಬಿಚ್ಚಿದ, ಸೊಂಟಕ್ಕೆ ಹಗ್ಗ ಕಟ್ಟಿದ. ಬಜಾರಿ ಬಕೆಟ್ಟು ಎಳೆದಳು. ಒಂದು ಬಕೆಟ್ಟು ಅಂದರೆ ಹದಿನೈದು ಕೇಜಿ ಹೊಲಸು. ಅಂಗೈ ಸುಲಿದು, ಸುಲಿದ ಜಾಗಕ್ಕೆ ಆ ನೀರು ತಾಗಿ ಉರಿಯುತ್ತಿತ್ತು. ಇಪ್ಪತ್ತು ಬಕೆಟ್ಟು ಎಳೆದ ಮೇಲೆ ಮೇಸ್ತ್ರಿ ಅವಳನ್ನು ಕೆಸರಿನ ರಾಶಿ ಗಾಡಿಗೆ ತುಂಬಲು ಸಾಲಿನ ದೂರದ ತುದಿಗೆ ಕಳಿಸಿದ. ತುಂಬಿ ವಾಪಸು ಬಂದಾಗ ಹಗ್ಗ ಇರಲಿಲ್ಲ. ಮುಚ್ಚಳ ಹಾಕಿತ್ತು. ಮೇಸ್ತ್ರಿ ಅದರ ಮೇಲೆ ಕೂತು ಸಿಗರೇಟು ಸೇದುತ್ತಿದ್ದ. "ಕೆಲಸ ಮುಗೀತು, ಅವನು ಹೋದ" ಎಂದ. ಚಪ್ಪಲಿ ಅಲ್ಲೇ ಇತ್ತು.

ಮುಚ್ಚಳ ಎತ್ತಲು ಹೋದಳು, ಎತ್ತಲು ಬಿಡಲಿಲ್ಲ. ಠಾಣೆಗೆ ಓಡಿದಳು. ಅವಳನ್ನು ಹೊರಗೆ ಕೂರಿಸಿ ಪೊಲೀಸರು ಜೀಪಿನಲ್ಲಿ ಹೋದರು. ಬಂದವರೇ, ಏನೂ ಇಲ್ಲ, ನಮ್ಮನ್ನು ಹೇಲುಗುಂಡಿಗೆ ಇಳಿಸಿದೆಯಲ್ಲೇ ಎಂದು ಕಪಾಳಕ್ಕೆ ಬಾರಿಸಿದರು. ಮೂರು ಜೊತೆ ಬೂಟು ಅವಳ ಮುಂದೆ ಬಿಚ್ಚಿಟ್ಟು ತೊಳೆಸಿದರು. ತೊಳೆದಳು. ಲೇಸು ಬಿಡಿಸಿ ತೊಳೆದಳು. ನಾಲ್ಕೇ ದಿನದಲ್ಲಿ ಹಳೇ ಸಾಲಿನ ಮೇಲೆ ಡಾಂಬರು ಬಿತ್ತು. ಪೊಲೀಸರು ಕಣ್ಣಾರೆ ನೋಡಿ ಬಂದಿದ್ದಾರೆ, ಇಲ್ಲ ಅಂದರೆ ಇಲ್ಲ ತಾನೆ? ಚಪ್ಪಲಿಯನ್ನೂ ಬಿಟ್ಟು ಓಡುವಷ್ಟು ಬೇಡವಾದೆನಾ ಎಂದು ಅತ್ತಳು. ಆಮೇಲೆ ಬೈಯಲು ಶುರು ಮಾಡಿದಳು.

"ಮೇಡಂ, ನಾವು ಎಣಿಸೋದು ಕೆಳಗಿಂದ" ಎಂದಳು ಬಜಾರಿ. "ಕಟ್ಟಿಕೊಂಡ ಸಾಲನ್ನ ಮೇಲಿಂದ ಬಿಡಿಸಿದ್ರೆ ಆ ಹೊಲಸೆಲ್ಲ ನುಗ್ಗಿ ಬಂದು ಕೆಳಗಿನ ಗುಂಡಿಲಿ ಇರೋನನ್ನ ಕೊಲ್ಲುತ್ತೆ. ಅದಕ್ಕೇ ನೀರು ಹೊರಗೆ ಹೋಗೋ ತುದಿಯಿಂದ ಶುರು ಮಾಡ್ತೀವಿ. ಆ ತುದೀದೇ ಒಂದನೇದು. ನಕ್ಷೆ ಬರೆಯೋರು ಮೇಲಿಂದ ಎಣಿಸ್ತಾರೆ, ಅವರು ಇಳಿಯೋದಿಲ್ಲವಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಅಂದ್ರೆ ನಿಮ್ಮ ಮೂರನೇದು ನಮ್ಮ ಹನ್ನೆರಡನೇದು."

"ಹೌದು. ಪೊಲೀಸ್ನೋರಿಗೆ ಇದು ಗೊತ್ತಿರಲಿಲ್ಲ, ಬಿಡಿ. ಇವನಿಗೆ ಗೊತ್ತಿತ್ತು. ಮೂರನೇದಕ್ಕೆ ಇಳಿ ಅಂದವನೂ ಇವನೇ, ಬೇರೆ ಮೂರನೇದು ತೋರಿಸಿದವನೂ ಇವನೇ."

ಮೇಸ್ತ್ರಿ ನಕ್ಕ. "ಎಲ್ಲಿಯ ಕೆಳಗು ಎಲ್ಲಿಯ ಮೇಲು! ಮೂವತ್ತು ವರ್ಷದಿಂದ ಈ ಲೈನಲ್ಲಿದ್ದೀನಿ, ಮೇಲಿಂದ ಬಿಟ್ಟು ಬೇರೆ ಎಣಿಕೆ ಕೇಳೇ ಇಲ್ಲ. ಈಗ ಕೂತು ಕಟ್ಟಿದ ಕಥೆ ಇದು."

ಮೇಡಂ ದಫೇದಾರನನ್ನು ಎಬ್ಬಿಸಿದರು. "ಅಜ್ಜಾ, ಅವತ್ತು ಗುಂಡಿ ತೋರಿಸಿದ್ದು ಯಾರು?"

"ಆ? ಗುಂಡೀನಾ? ಇವನೇ" ಎಂದ ದಫೇದಾರ, ಕಿವಿಗೆ ಕೈ ಹಿಡಿದು. "ನಮಗೇನು ಗೊತ್ತು, ಗುಂಡಿ ಅಂದ್ರೆ ಗುಂಡಿ."

"ಇವರನ್ನ ಯಾಕೆ ಜೊತೆಗೆ ಕರ್ಕೊಂಡು ಹೋಗಲಿಲ್ಲ? ಇವರೇ ತೋರಿಸ್ತಿದ್ರಲ್ಲ."

"ಜೀಪಲ್ಲಿ ಕೂರಿಸಿದ್ರೆ ಸೀಟು ವಾಸನೆ ಬರ್ತಿತ್ತು."

ಮಗಳು ಎದ್ದು ನಿಂತಳು. ಬಜಾರಿ ಅವಳ ಕೈ ಹಿಡಿದು ಕೂರಿಸಿದಳು. ಒಂದು ಸೀಟನ್ನು ವಾಸನೆಯಿಂದ ಉಳಿಸಲು ಹೋಗಿ ಒಂದು ಹೆಣ ಹದಿನೆಂಟು ವರ್ಷ ಕೊಳೆಯಿತು. ಅದನ್ನು ಹೇಳಿದ ಮುದುಕನಿಗೆ ತಾನು ಏನು ಹೇಳಿದೆ ಎಂಬುದೂ ತಿಳಿದಂತಿರಲಿಲ್ಲ.

"ಎಣಿಕೆಗೆ ಪುರಾವೆ ಏನಿದೆ ಅಮ್ಮ?" ಎಂದರು ಮೇಡಂ, ಮೆಲ್ಲಗೆ. "ಅವರೂ ಮಾತೇ ಹೇಳ್ತಾರೆ, ನೀವೂ ಮಾತೇ ಹೇಳ್ತೀರಿ."

"ರಸ್ತೆಗೆ ಬನ್ನಿ" ಎಂದಳು ಬಜಾರಿ.

ಮಧ್ಯಾಹ್ನ ಹೇಗೂ ಸ್ಥಳ ಪರಿಶೀಲನೆ ಇತ್ತು. ಎಲ್ಲರೂ ಹೋದರು. ಈ ಸಲ ಬಜಾರಿ ಜೀಪಿನ ಮುಂದಿನ ಸೀಟಲ್ಲೇ ಕೂತಳು, ಬೇಕೆಂತಲೇ ಬೆನ್ನು ಉಜ್ಜಿ ಉಜ್ಜಿ ಕೂತಳು.

ರಸ್ತೆಯ ಎರಡೂ ಬದಿ ತಗಡು ನಿಲ್ಲಿಸಿದ್ದರು. ಡಾಂಬರು ಕೆರೆದು ಹದಿನಾಲ್ಕೂ ಮುಚ್ಚಳ ಕಾಣುವಂತೆ ಮಾಡಿದ್ದರು. ಒಂದೊಂದರ ಮೇಲೂ ನಕ್ಷೆಯ ಪ್ರಕಾರ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. ಮೇಲಿನ ತುದಿಯಲ್ಲಿ ಒಂದು, ಕೆಳಗಿನ ತುದಿಯಲ್ಲಿ ಹದಿನಾಲ್ಕು. ಹನ್ನೆರಡರ ಸುತ್ತ ಹಗ್ಗ ಕಟ್ಟಿ ಪೊಲೀಸರನ್ನು ನಿಲ್ಲಿಸಿದ್ದರು. ಬಜಾರಿ ಅದರ ಕಡೆ ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು. ಅತ್ತರೆ ಸಾಕ್ಷಿ ಹೇಳುವವರು ಯಾರು?

ಮೇಡಂ ನಕ್ಷೆ ಬಿಡಿಸಿ ರೈಟರಿಗೆ ಏನೋ ಬರೆಸುತ್ತಿದ್ದರು. ದಫೇದಾರ ಕೊಡೆ ಹಿಡಿದು ನಿಂತಿದ್ದ. ಮೇಸ್ತ್ರಿ ಫೋನಿನಲ್ಲಿ ಮಾತಾಡುತ್ತ, ನೆರಳು ಹುಡುಕುತ್ತ, ಕೆಳಗಿನ ತುದಿಗೆ ನಡೆದ. ಮರದ ನೆರಳು ಬಿದ್ದಿದ್ದ ಮುಚ್ಚಳದ ಮೇಲೆ ನಿಂತು ನಗುತ್ತ ಮಾತಾಡಿದ. ಆ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹದಿಮೂರು ಎಂದಿತ್ತು.

ಬಜಾರಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಎರಡನೇದು ಬಾಯಿ ಬಿಟ್ಟಿದೇ!"

ಈ ಕೂಗು ಗುಂಡಿಗೆ ಇಳಿಯುವವರದು. ಮುಚ್ಚಳ ಕೂತ ಜಾಗದಿಂದ ಜಾರಿ ಓಲಾಡಿದರೆ, ಮೇಲೆ ನಿಂತವನು ಒಳಗೆ ಹೋಗುವ ಮೊದಲು ಕಂಡವರು ಹೀಗೆ ಕೂಗಬೇಕು. ಕೇಳಿದವನು ಯಾಕೆ ಏನು ಎಂದು ಕೇಳುವಂತಿಲ್ಲ, ಹಾರಬೇಕು. ಕೇಳುತ್ತ ನಿಂತವರು ಬದುಕಿಲ್ಲ.

ಮೇಡಂ, ರೈಟರ್, ಪೊಲೀಸರು ಎಲ್ಲರ ಕತ್ತೂ ಮೇಲಿನ ತುದಿಗೆ ತಿರುಗಿತು. ಅಲ್ಲಿ, ದೂರದಲ್ಲಿ, ಎರಡು ಎಂದು ಬರೆದ ಮುಚ್ಚಳ ಬಿಸಿಲಲ್ಲಿ ತೆಪ್ಪಗೆ ಕೂತಿತ್ತು.

ಮೇಸ್ತ್ರಿ ಹಾರಿದ. ಮೂರು ಮಾರು ದೂರ ಹಾರಿದ. ಫೋನು ಒಂದು ಕಡೆ ಬಿತ್ತು, ಅವನು ಇನ್ನೊಂದು ಕಡೆ ಮಣ್ಣಿನ ಗುಡ್ಡೆಯ ಮೇಲೆ ಮಂಡಿ ಊರಿ ಬಿದ್ದ. ಬಿಳಿ ಅಂಗಿ ಮಣ್ಣು ಮೆತ್ತಿ ಕೆಂಪಾಯಿತು. ಮುಚ್ಚಳ ತೆಗೆಯಲು ಬಂದಿದ್ದ ಇಬ್ಬರು ಕೆಲಸದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಾಯಿ ಸುಳ್ಳು ಹೇಳುತ್ತೆ ಮೇಡಂ" ಎಂದಳು ಬಜಾರಿ. "ಕಾಲಿಗೆ ಅಭ್ಯಾಸ ಇಲ್ಲ."

ಮೇಡಂ ನಡೆದು ಹೋಗಿ ಹದಿಮೂರರ ಹತ್ತಿರ ನಿಂತರು. "ಎರಡನೇದು ಅಂದ್ರೆ ನೀವ್ಯಾಕೆ ಹಾರಿದ್ರಿ?"

"ಕಾ... ಕಾಲು ಜಾರಿತು ಮೇಡಂ."

"ನಿಂತ ಜಾಗದಲ್ಲಿ?"

ಮೇಸ್ತ್ರಿ ಫೋನು ಹುಡುಕತೊಡಗಿದ.

ಕಚೇರಿಗೆ ವಾಪಸು ಬಂದ ಮೇಲೆ ರೈಟರ್ ಟಪಟಪ ಟೈಪ್ ಮಾಡಿ ಹಾಳೆ ತೆಗೆದ. ಮಸಿಯ ಡಬ್ಬಿ ತೆರೆದು ಬಜಾರಿಯ ಮುಂದೆ ತಳ್ಳಿದ. "ಎಡಗೈ ಹೆಬ್ಬೆಟ್ಟು."

ಬಜಾರಿ ಕೈ ಕೊಡಲಿಲ್ಲ. ಹಾಳೆಯನ್ನು ಮಗಳ ಕಡೆ ಸರಿಸಿದಳು. "ಓದೇ. ಗಟ್ಟಿಯಾಗಿ ಓದು."

ಮಗಳು ಓದಿದಳು. "'ಸ್ಥಳದಲ್ಲಿ ಸದರಿ ಮಹಿಳೆಯು ಕೂಗಿದಾಗ ಸದರಿ ಗುತ್ತಿಗೆದಾರರ ಕಾಲು ಜಾರಿದಂತೆ ಕಂಡುಬಂದಿರುತ್ತದೆ. ಎಣಿಕೆಯ ಬಗ್ಗೆ ಭಿನ್ನಾಭಿಪ್ರಾಯ ಇರುತ್ತದೆ.'"

"ಭಿನ್ನಾಭಿಪ್ರಾಯ ಅಂದ್ರೆ?"

"ನೀನೂ ಸರಿ, ಅವನೂ ಸರಿ ಅಂತ."

"ನಾನು ಒತ್ತಲ್ಲ" ಎಂದಳು ಬಜಾರಿ.

ರೈಟರ್ ಮುಖ ಗಂಟಿಕ್ಕಿದ. "ಹಾರಿದ್ದನ್ನ ಹೇಗಮ್ಮ ಬರೆಯೋದು? ಹಾರೋದಕ್ಕೆಲ್ಲ ಕಾಲಂ ಇಲ್ಲ."

"ಬೂಟು ತೊಳೆಸೋದಕ್ಕೂ ಕಾಲಂ ಇರಲಿಲ್ಲ, ತೊಳೆಸಿದ್ರಿ. ಆಗಾಗ್ಗೆ ಓಡಿಹೋಗ್ತಾನೆ ಅಂತ ನಾನು ಹೇಳದೇ ಇದ್ದದ್ದನ್ನ ಬರೆಯೋಕೆ ಜಾಗ ಸಿಕ್ಕಿತ್ತಲ್ಲ, ಇವತ್ತು ಕಣ್ಣಾರೆ ಕಂಡದ್ದನ್ನ ಬರೆಯೋಕೆ ಜಾಗ ಇಲ್ವಾ?"

"ಅಮ್ಮ, ಸ್ವಲ್ಪ ಹೊಂದಿಸ್ಕೊಳ್ಳಿ" ಎಂದರು ಮೇಡಂ. ಅವರ ಮುಖವೂ ಸಣ್ಣಗಾಗಿತ್ತು. "ಮೇಲಿನವರು ನೋಡ್ತಾರೆ. ಎರಡೂ ಕಡೆ ಸಮವಾಗಿ ಇರಬೇಕು ಅಂತಾರೆ."

"ಯಾವುದು ಸಮ ಮೇಡಂ? ಒಂದು ಕಡೆ ಮನುಷ್ಯನ ಹೆಣ, ಇನ್ನೊಂದು ಕಡೆ ಇವನ ಮರ್ಯಾದೆ. ನನ್ನ ಗಂಡ ಗುಂಡಿಲಿ, ಇವನು ಕಾರಲ್ಲಿ. ನನ್ನ ಮಗಳು ಹದಿನೆಂಟು ವರ್ಷ ತಲೆ ತಗ್ಗಿಸಿದಾಳೆ, ಇವನ ಮಕ್ಕಳು ತಲೆ ಎತ್ಕೊಂಡು ಓಡಾಡಿದಾರೆ. ಹೊಂದಿಸಿಕೊಂಡಿದ್ದು ನಾನೊಬ್ಬಳೇ. ಸಾಕು. ನೋಡಿ, ಆ ಹೆಬ್ಬೆಟ್ಟು ನನ್ನದು. ಒಂದು ಸಲ ಸುಳ್ಳಿನ ಕೆಳಗೆ ಒತ್ತಿದೆ, ಅದಕ್ಕೆ ನನ್ನ ಗಂಡ ಓಡಿಹೋದವನಾದ. ಬೇಕಾದ್ರೆ ಬೆರಳು ಕತ್ತರಿಸ್ಕೊಂಡು ನೀವೇ ಒತ್ಕೊಳ್ಳಿ."

ಗೋಡೆಯ ಕಡೆಯಿಂದ ಕೆಮ್ಮು ಕೇಳಿಸಿತು. ದಫೇದಾರ ಎದ್ದು ನಿಂತಿದ್ದ.

"ಹಾರಿದ. ನಾನೂ ನೋಡಿದೆ" ಎಂದ. "ಕಿವಿ ಕೇಳಲ್ಲ, ಕಣ್ಣು ಸರಿಯಾಗಿದೆ. ಹಾರಿದ ಅಂತ ಬರೀರಿ, ನಾನು ಸೈನು ಹಾಕ್ತೀನಿ." ಆಮೇಲೆ ಬಜಾರಿಯ ಕಡೆ ತಿರುಗಿ, "ಅವತ್ತು ನಾನು... ಆ ಬೂಟು..." ಎಂದು ತಡವರಿಸಿದ.

"ಸೈನು ಹಾಕು, ಸಾಕು" ಎಂದಳು ಬಜಾರಿ. "ಉಳಿದದ್ದನ್ನ ನಾನು ಕ್ಷಮಿಸಲ್ಲ. ಅದರ ಆಸೆ ಇಟ್ಕೋಬೇಡ."

ಮೇಡಂ ಹಾಳೆ ಎತ್ತಿಕೊಂಡರು. ಆಮೇಲೆ ಅದನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ರೈಟರಿಗೆ ತಾವೇ ಹೇಳಿ ಬರೆಸಿದರು. ಸುಳಿವು ಸರಿಯಾಗಿತ್ತು. ಎಣಿಕೆ ಕೆಳಗಿನಿಂದ. ಕೂಗು ಕೇಳಿ ಗುತ್ತಿಗೆದಾರ ಹಾರಿದರು. ಎಣಿಕೆ ತಿಳಿದಿದ್ದೂ ಬೇರೆ ಗುಂಡಿ ತೋರಿಸಿದ್ದಾರೆ. ಹಾರಿದರು ಎಂಬಲ್ಲಿ ರೈಟರಿನ ಬೆರಳು ನಿಂತಿತು. "ಹಾರಿದರು" ಎಂದು ಮೇಡಂ ಇನ್ನೊಮ್ಮೆ ಹೇಳಿದರು. ಮೇಸ್ತ್ರಿ ವಕೀಲರಿಗೆ ಫೋನು ಮಾಡಬೇಕೆಂದು ಹೊರಗೆ ಹೊರಟ. ಬಾಗಿಲಲ್ಲಿದ್ದ ಪೊಲೀಸ್ ಕೈ ಅಡ್ಡ ಹಿಡಿದ.

ಮಗಳು ಹೊಸ ಹಾಳೆಯನ್ನು ಮೊದಲಿನಿಂದ ಕೊನೆತನಕ ಓದಿದಳು. ಬಜಾರಿ ಹೆಬ್ಬೆಟ್ಟು ಒತ್ತಿದಳು. ಮಸಿಯ ಬೆರಳನ್ನು ಒರೆಸಲು ರೈಟರ್ ಕೊಟ್ಟ ಚಿಂದಿಬಟ್ಟೆ ಬೇಡವೆಂದಳು.

"ಫೈಲಿನ ಮೇಲೆ ಏನು ಬರೆದಿದೆ?" ಎಂದು ಮಗಳನ್ನು ಕೇಳಿದಳು.

ಮಗಳು ಸ್ವಲ್ಪ ತಡೆದು ಓದಿದಳು. "'ಓಡಿಹೋದ ಕೂಲಿಯಾಳಿನ ಪ್ರಕರಣ.'"

"ಓಡಿಹೋದ ಅನ್ನೋದು ಎಲ್ಲಿಂದ ಎಲ್ಲಿವರೆಗೆ? ಬೆರಳಿಟ್ಟು ತೋರಿಸು."

ಮಗಳು ತೋರಿಸಿದಳು. ಬಜಾರಿ ಮೇಜಿನ ಮೇಲಿದ್ದ ಮೇಡಂ ಅವರ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಆ ಮಾತಿನ ಮೇಲೆ ಗೆರೆ ಎಳೆದಳು. ರಟ್ಟು ಹರಿಯುವಷ್ಟು ಒತ್ತಿ ಎಳೆದಳು.

"ಅಯ್ಯಯ್ಯೋ, ಸರ್ಕಾರಿ ಫೈಲಮ್ಮಾ ಅದು!" ಎಂದ ರೈಟರ್.

ಮೇಡಂ ಕೈಯೆತ್ತಿ ಅವನನ್ನು ತಡೆದರು. ಬಜಾರಿ ಪೆನ್ನು ವಾಪಸು ಕೊಟ್ಟಳು. ಆಗ ಅವಳಿಗೆ ಅಳು ಬಂತು. ಅತ್ತಳು, ಮುಚ್ಚಿಕೊಳ್ಳದೆ, ಮೂಗು ಸೀಟಿ ಸೆರಗಿಗೆ ಒರೆಸಿಕೊಳ್ಳುತ್ತ ಅತ್ತಳು. ಮಗಳು ಅವಳ ಬೆನ್ನ ಮೇಲೆ ಕೈ ಇಟ್ಟಳು.

"ಮೂಳೆ ಯಾವಾಗ ಕೊಡ್ತೀರ ಮೇಡಂ?"

"ಕೋರ್ಟಿಂದ ಆರ್ಡರ್ ಬರಬೇಕು ಅಮ್ಮ. ಒಂದು ವಾರ, ಹತ್ತು ದಿನ."

"ಬೇಗ ಕೊಡಿ" ಎಂದಳು ಬಜಾರಿ. "ಹದಿನೆಂಟು ವರ್ಷ ಬೈದಿದ್ದನ್ನ ಒಂದೊಂದಾಗಿ ವಾಪಸ್ ತಗೋಬೇಕು. ಟೈಮ್ ಹಿಡಿಯುತ್ತೆ."